ನಡುಹಗಲು ಯಾರ ಪಾಲು?

ಕನ್ನಡವು ಬಿಸಿಲನ್ನು ಒಂದೇ ಹೆಸರಿನಿಂದ ಕರೆದು ಸುಮ್ಮನಾಗಿಲ್ಲ. ಎಳೆಬಿಸಿಲು, ಹೂಬಿಸಿಲು, ಸುಡುಬಿಸಿಲು, ಉರಿಬಿಸಿಲು, ಇಳಿಬಿಸಿಲು ಎಂದು ಹೊತ್ತಿಗೊಂದು ಹದಕ್ಕೊಂದು ಹೆಸರಿಟ್ಟಿದೆ. ಈ ಹೆಸರುಗಳ ಒಳಗೆ ಒಂದು ತೀರ್ಪೂ ಅಡಗಿದೆ. ಎಳೆಬಿಸಿಲು ಹಿತವಾದುದು, ಅದರಲ್ಲಿ ಮೈ ಕಾಯಿಸಿಕೊಳ್ಳಬೇಕು. ನೆತ್ತಿಯ ಮೇಲಿನ ಬಿಸಿಲು ಕೇಡಿನದು, ಅದರಿಂದ ತಪ್ಪಿಸಿಕೊಳ್ಳಬೇಕು ಎಂಬುದು ಆ ತೀರ್ಪು. ಕೂಸಿಗೆ ಎಣ್ಣೆ ಹಚ್ಚಿ ಮುಂಜಾನೆಯ ಬಿಸಿಲಿಗೆ ಒಡ್ಡುವ ಅಜ್ಜಿಯಿಂದ ಹಿಡಿದು, ಬೆಳಗಿನ ನಡಿಗೆಯಿಂದ ಡಿ ಜೀವಸತ್ವ ದೊರೆಯಿತೆಂದು ನೆಮ್ಮದಿಗೊಳ್ಳುವ ನಿವೃತ್ತ ನೌಕರರವರೆಗೆ ಎಲ್ಲರೂ ಈ ತೀರ್ಪನ್ನು ನಂಬಿದವರೇ. ಬಿಸಿಲ ಝಳದಿಂದ ಜೀವ ಉಳಿಸಿಕೊಳ್ಳುವ ಮಟ್ಟಿಗೆ ಅದು ಸರಿಯಾದ ತೀರ್ಪು. ಮೂಳೆಯ ಮಟ್ಟಿಗೆ ಮಾತ್ರ ಅದನ್ನು ಮರುವಿಚಾರಣೆಗೆ ಒಳಪಡಿಸಬೇಕಾಗಿದೆ.

ಸೂರ್ಯನಿಗೆ ಬರವಿಲ್ಲದ ದಕ್ಷಿಣ ಭಾರತದಲ್ಲಿ ಸೂರ್ಯನಿಂದಲೇ ದೊರೆಯಬೇಕಾದ ಜೀವಸತ್ವಕ್ಕೆ ಬರ ಬಂದಿರುವುದನ್ನು ನಾವು ಸಾಮಾನ್ಯವಾಗಿ ವೈಯಕ್ತಿಕ ಸೋಮಾರಿತನದ ಲೆಕ್ಕಕ್ಕೆ ಬರೆಯುತ್ತೇವೆ. ‘ಜನ ಹೊರಗೆ ಬರುವುದೇ ಇಲ್ಲ’ ಎಂದು ಹೇಳಿ, ಮಾತ್ರೆಯ ಹೆಸರು ಬರೆದುಕೊಟ್ಟು ಮುಗಿಸುತ್ತೇವೆ. ನನ್ನ ಅಭಿಪ್ರಾಯ ಬೇರೆ. ಈ ಕೊರತೆಯ ಬೇರು ದಿನದ ನಡುಭಾಗದ ಮೇಲಿನ ಒಡೆತನದಲ್ಲಿದೆ. ಹತ್ತೂವರೆಯಿಂದ ಎರಡರವರೆಗಿನ ಹೊತ್ತು ಯಾರ ಕೈಯಲ್ಲಿದೆ, ಅದನ್ನು ಯಾರು ಯಾರಿಂದ ಕೊಂಡುಕೊಂಡಿದ್ದಾರೆ ಎಂಬ ಪ್ರಶ್ನೆಯನ್ನು ಕೇಳದೆ ಈ ಕೊರತೆಯ ಮಾತನ್ನು ಆಡುವುದು ಅರ್ಧ ಮಾತು. ಆ ಪ್ರಶ್ನೆಯನ್ನು ಕೇಳಲು ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಗಿಂತ ತಕ್ಕ ಸ್ಥಳ ಸಿಗುವುದು ಕಷ್ಟ.

ಮೊದಲು ದೇಹದೊಳಗಿನ ಕೆಲಸವನ್ನು ತಿಳಿಯೋಣ. ನಮ್ಮ ಚರ್ಮದಲ್ಲಿ ಕೊಲೆಸ್ಟರಾಲಿನ ಬಂಧುವಾದ ಒಂದು ದ್ರವ್ಯವಿದೆ. ಸೂರ್ಯನ ನೇರಳಾತೀತ ಕಿರಣಗಳಲ್ಲಿ ‘ಬಿ’ ಎಂದು ಹೆಸರಿಸಿರುವ ವರ್ಗದ ಕಿರಣಗಳು ಅದಕ್ಕೆ ತಾಕಿದಾಗ ಅದು ಡಿ ಜೀವಸತ್ವದ ಪೂರ್ವರೂಪವಾಗುತ್ತದೆ. ಮೈಯ ಶಾಖದಿಂದ ಕೆಲವು ಗಂಟೆಗಳಲ್ಲಿ ಡಿ ಜೀವಸತ್ವವೇ ಆಗುತ್ತದೆ. ಯಕೃತ್ತು ಅದನ್ನು ಒಮ್ಮೆ ಮಾರ್ಪಡಿಸುತ್ತದೆ, ಮೂತ್ರಪಿಂಡ ಇನ್ನೊಮ್ಮೆ. ಹೀಗೆ ಎರಡು ಸಂಸ್ಕಾರ ಪಡೆದ ಮೇಲೆ ಅದು ಕರುಳಿಗೆ ಹೋಗಿ, ಉಂಡ ಅನ್ನದಲ್ಲಿರುವ ಕ್ಯಾಲ್ಸಿಯಂ ರಕ್ತಕ್ಕೆ ಸೇರುವಂತೆ ಮಾಡುತ್ತದೆ. ಆಹಾರದಲ್ಲಿ ಕ್ಯಾಲ್ಸಿಯಂ ಎಷ್ಟೇ ಇದ್ದರೂ ಈ ಬಾಗಿಲು ತೆರೆಯದಿದ್ದರೆ ಅದರ ಬಹುಪಾಲು ಹೊರಗೇ ಉಳಿಯುತ್ತದೆ. ಕೊರತೆ ತೀವ್ರವಾದರೆ ಮಕ್ಕಳ ಕಾಲು ಬಾಗುವ ರಿಕೆಟ್ಸ್ ಬರುತ್ತದೆ. ದೊಡ್ಡವರ ಮೂಳೆ ಮೆತ್ತಗಾಗಿ ಸೊಂಟ, ತೊಡೆಗಳು ನೋಯುತ್ತವೆ, ಏಳಲು ಕೂರಲು ಸ್ನಾಯುಗಳಿಗೆ ಬಲ ಸಾಲದಾಗುತ್ತದೆ.

ಈ ‘ಬಿ’ ಕಿರಣಗಳಿಗೆ ಒಂದು ದೌರ್ಬಲ್ಯವಿದೆ. ಸೂರ್ಯ ಓರೆಯಾಗಿರುವಾಗ ಅವು ವಾತಾವರಣದ ದಪ್ಪ ಪದರವನ್ನು ಹಾದು ಬರಬೇಕಾಗುತ್ತದೆ. ದಾರಿಯಲ್ಲೇ ಓಜೋನು ಅವನ್ನು ಹೀರಿಬಿಡುತ್ತದೆ. ಆದ್ದರಿಂದ ಎಳೆಬಿಸಿಲಿನಲ್ಲೂ ಇಳಿಬಿಸಿಲಿನಲ್ಲೂ ಬೆಳಕಿದೆ, ಹಿತವಾದ ಬೆಚ್ಚನೆಯಿದೆ, ಡಿ ಜೀವಸತ್ವ ಮಾತ್ರ ಅತ್ಯಲ್ಪ. ಕಿಟಕಿಯ ಗಾಜೂ ಈ ಕಿರಣಗಳನ್ನು ತಡೆಯುತ್ತದೆ. ಗಾಜಿನ ಒಳಗೆ ಕುಳಿತು ಬಿಸಿಲು ಕಾಯಿಸಿದರೆ ಮೈ ಬೆಚ್ಚಗಾಗುತ್ತದೆಯೇ ಹೊರತು ಮೂಳೆಗೆ ಏನೂ ದಕ್ಕುವುದಿಲ್ಲ. ಯಾವ ಹೊತ್ತಿನ ಬಿಸಿಲು ಉಪಯುಕ್ತವೆಂದು ತಿಳಿಯಲು ಉಪಕರಣ ಬೇಕಿಲ್ಲ, ನೆರಳೇ ಸಾಕು. ನಿಮ್ಮ ನೆರಳು ನಿಮಗಿಂತ ಗಿಡ್ಡದಾಗಿದ್ದರೆ ಜೀವಸತ್ವ ತಯಾರಾಗುವ ಹೊತ್ತು. ಉದ್ದವಾಗಿದ್ದರೆ ಅದು ವಿಹಾರದ ಹೊತ್ತು.

ಈ ನೆರಳಿನ ಲೆಕ್ಕವನ್ನು ಗಣಪತಿಗೆ ಅನ್ವಯಿಸಿದರೆ ನಮ್ಮ ಸಂಪತ್ತಿನ ಅರಿವಾಗುತ್ತದೆ. ಕೊಯಮತ್ತೂರು ಭೂಮಧ್ಯರೇಖೆಯಿಂದ ಸುಮಾರು 11 ಡಿಗ್ರಿ ಉತ್ತರದಲ್ಲಿದೆ. ಅಲ್ಲಿ ವರ್ಷಕ್ಕೆರಡು ಸಲ, ಏಪ್ರಿಲ್ ಮೂರನೆಯ ವಾರದಲ್ಲೊಮ್ಮೆ, ಆಗಸ್ಟ್ ನಾಲ್ಕನೆಯ ವಾರದಲ್ಲೊಮ್ಮೆ, ಸೂರ್ಯನು ನಿಜವಾಗಿಯೂ ನೆತ್ತಿಯ ಮೇಲೆ ನಿಂತು ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಡಿಸೆಂಬರಿನ ಅತಿ ಓರೆಯಾದ ಸೂರ್ಯನೂ ಅಲ್ಲಿ ನಡುಹಗಲಲ್ಲಿ ಆಳಿಗಿಂತ ಉದ್ದವಾದ ನೆರಳನ್ನು ಬೀಳಿಸಲಾರ. ಆ ತಿಂಗಳಲ್ಲೂ ಬೆಳಗಿನ ಹತ್ತೂವರೆಯಿಂದ ಮಧ್ಯಾಹ್ನ ಎರಡರವರೆಗೆ ಗಿಡ್ಡ ನೆರಳಿನ ಹೊತ್ತೇ. ಅದೇ ಡಿಸೆಂಬರಿನಲ್ಲಿ ಲಂಡನ್ನಿನ ನಡುಹಗಲಿನ ನೆರಳು ಆಳಿನ ಮೂರೂವರೆ ಪಟ್ಟಿಗಿಂತ ಉದ್ದ. ಅವರಿಗೆ ಚಳಿಗಾಲದ ತಿಂಗಳುಗಳಲ್ಲಿ ಸೂರ್ಯನಿಂದ ಈ ಜೀವಸತ್ವ ಸಿಗುವಂತೆಯೇ ಇಲ್ಲ. ನಮಗೆ ವರ್ಷದ ಯಾವ ದಿನವೂ ಪ್ರಕೃತಿ ಈ ಬಾಗಿಲನ್ನು ಮುಚ್ಚಿಲ್ಲ. ಮುಚ್ಚಿರುವುದು ಮನುಷ್ಯರ ಏರ್ಪಾಡು.

ಈ ಮಾತಿಗೆ ಚರಿತ್ರೆಯ ಸಾಕ್ಷ್ಯವಿದೆ. 1650ರಲ್ಲಿ ಫ್ರಾನ್ಸಿಸ್ ಗ್ಲಿಸನ್ ಎಂಬ ಇಂಗ್ಲೆಂಡಿನ ವೈದ್ಯ ರಿಕೆಟ್ಸ್ ಕುರಿತು ಗ್ರಂಥ ಬರೆದ ಕಾಲಕ್ಕೆ ಅದರ ಕಾರಣ ಯಾರಿಗೂ ತಿಳಿದಿರಲಿಲ್ಲ. 1890ರಲ್ಲಿ ಥಿಯೋಬಾಲ್ಡ್ ಪಾಮ್ ಎಂಬ ವೈದ್ಯ ಲೋಕದ ನಾನಾ ಭಾಗಗಳಿಂದ ವಿವರ ತರಿಸಿ ನೋಡಿ, ಹೊಗೆ ಕವಿದ ಕೈಗಾರಿಕಾ ನಗರಗಳಲ್ಲಿ ಈ ರೋಗ ದಟ್ಟವಾಗಿದೆ, ಬಿಸಿಲು ಹೇರಳವಾಗಿರುವ ದೇಶಗಳ ಬಡವರಲ್ಲಿ ವಿರಳ ಎಂದು ಬರೆದ. 1919ರಲ್ಲಿ ಎರಡು ದಾರಿಗಳು ಒಂದೇ ಗುರಿಯನ್ನು ತಲುಪಿದವು: ಇಂಗ್ಲೆಂಡಿನಲ್ಲಿ ಎಡ್ವರ್ಡ್ ಮೆಲನ್ಬಿ ಕಾಡ್ ಮೀನಿನ ಯಕೃತ್ತಿನ ಎಣ್ಣೆಯಿಂದ ನಾಯಿಗಳ ರಿಕೆಟ್ಸನ್ನು ತಡೆದ, ಬರ್ಲಿನ್ನಿನಲ್ಲಿ ಕುರ್ಟ್ ಹುಲ್ಡ್ಶಿನ್ಸ್ಕಿ ನೇರಳಾತೀತ ದೀಪದ ಬೆಳಕಿನಿಂದ ಮಕ್ಕಳನ್ನು ಗುಣಪಡಿಸಿದ. ಒಂದು ದಾರಿ ಬಾಯಿಯದು, ಇನ್ನೊಂದು ಚರ್ಮದ್ದು.

ಈ ಎರಡು ದಾರಿಗಳಲ್ಲಿ ಯಾವುದು ಹಿರಿದು ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಪಾಠವಿದೆ. 1922ರಲ್ಲಿ ಹಚಿಸನ್ ಮತ್ತು ಷಾ ಎಂಬ ವೈದ್ಯರು ನಾಸಿಕ್‌ನಲ್ಲಿ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಉಣ್ಣುವುದಕ್ಕೆ ಕೊರತೆಯಿಲ್ಲದ, ಆದರೆ ಪರದೆಯ ಹಿಂದೆ ಬಾಳುವ ಮನೆತನಗಳ ತಾಯಂದಿರಲ್ಲೂ ಕೂಸುಗಳಲ್ಲೂ ಈ ರೋಗವಿತ್ತು. ಹೊಲದಲ್ಲಿ ದುಡಿಯುವ, ಅರೆಹೊಟ್ಟೆಯ ಬಡವರಲ್ಲಿ ಅದು ಅಪರೂಪವಾಗಿತ್ತು. ಸಿರಿವಂತಿಕೆ ಆಹಾರವನ್ನು ಕೊಟ್ಟು ನಡುಹಗಲನ್ನು ಕಸಿದುಕೊಂಡಿತ್ತು. ಬಡತನ ನಡುಹಗಲನ್ನು ಬಿಟ್ಟುಕೊಟ್ಟು ಆಹಾರವನ್ನು ಕಸಿದುಕೊಂಡಿತ್ತು. ಇಂದಿನ ದುಡಿಮೆಗಾರನ ದುರ್ದೈವವೆಂದರೆ ಅವನು ಎರಡನ್ನೂ ಕಳೆದುಕೊಳ್ಳುವ ಸ್ಥಿತಿಗೆ ಬಂದಿದ್ದಾನೆ.

ಇಲ್ಲಿಂದ ಗಣಪತಿಗೆ ಬರೋಣ. ಚಾಮರಾಜನಗರದಿಂದ ದಿಂಬಂ ಘಟ್ಟವಿಳಿದು ಸತ್ಯಮಂಗಲದ ಮೇಲೆ ಹೋಗುವ ಹೆದ್ದಾರಿ ಕೊಯಮತ್ತೂರನ್ನು ಹೊಗುವುದು ಗಣಪತಿಯ ಮೂಲಕವೇ. ಆ ದಾರಿ ಕನ್ನಡಕ್ಕೆ ಹೊಸದಲ್ಲ. 1799ರವರೆಗೆ ಆ ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ನಮ್ಮ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಮನೆಯಲ್ಲಿ ಇಂದಿಗೂ ಕನ್ನಡವನ್ನಾಡುವ ಎರಡು ಸಮುದಾಯಗಳು ಅಲ್ಲಿ ನೆಲೆಗೊಂಡಿವೆ: ಒಕ್ಕಲಿಗರು ಮತ್ತು ದೇವಾಂಗರು. ಕಸುಬಿನ ದೃಷ್ಟಿಯಿಂದ ನೋಡಿದರೆ ಒಂದೇ ಭಾಷೆಯ ಈ ಎರಡು ಸಮುದಾಯಗಳಿಗೆ ಬೇರೆ ಬೇರೆ ಸೂರ್ಯರಿದ್ದರು. ಉಳುವವನ ಬೆನ್ನಿನ ಮೇಲೆ ನಡುಹಗಲು ಪೂರ್ತಿಯಾಗಿ ಬೀಳುತ್ತಿತ್ತು. ನೇಯುವವನು ಮನೆಯೊಳಗೆ ನೆಲವನ್ನು ತೋಡಿ ಕಾಲಿಳಿಸಿದ ಕುಣಿಮಗ್ಗದಲ್ಲಿ ಕುಳಿತಿರುತ್ತಿದ್ದ. ಅವನಿಗೆ ಸೂರ್ಯನೆಂದರೆ ಕಿಂಡಿಯಿಂದ ಹಾಸಿನ ಮೇಲೆ ಬೀಳುವ ಬೆಳಕು. ಆದರೂ ಮನೆಯ ಮಗ್ಗ ಅವನ ಸ್ವಂತದ್ದು. ಬೀದಿಯಲ್ಲಿ ಹಾಸು ಹಾಕಿ ಗಂಜಿ ಹಚ್ಚಲು, ನೂಲು ಒಣಗಿಸಲು ಅವನೂ ಅವನ ಮನೆಯವರೂ ಹೊರಗೆ ಬರುತ್ತಿದ್ದರು. ಬಿಸಿಲು ಕಸುಬಿನ ಒಂದು ಅಂಗವಾಗಿತ್ತು.

ಗಿರಣಿ ಈ ಅಂಗವನ್ನು ಕತ್ತರಿಸಿತು. 1888ರಲ್ಲಿ ಸ್ಟೇನ್ಸ್ ಗಿರಣಿಯೊಂದಿಗೆ ಕೊಯಮತ್ತೂರಿನಲ್ಲಿ ಯಂತ್ರದ ನೂಲುವಿಕೆ ಆರಂಭವಾಯಿತು. 1930ರ ದಶಕದಲ್ಲಿ ನೀಲಗಿರಿಯ ಪೈಕಾರದಿಂದ ಜಲವಿದ್ಯುತ್ತು ಹರಿದುಬಂದ ಮೇಲೆ ಗಿರಣಿಗಳು ಸಾಲುಸಾಲಾಗಿ ಎದ್ದವು. ಅವುಗಳ ಬೆನ್ನಿಗೇ ಯಂತ್ರಗಳ ತಯಾರಿಕೆ, ಪಂಪು, ಎರಕದ ಕಾರ್ಖಾನೆಗಳು ಬಂದು ಗಣಪತಿಯಂತಹ ಹೊರವಲಯಗಳು ಕಾರ್ಮಿಕರ ಬಡಾವಣೆಗಳಾದವು. ಪೂರ್ವಕ್ಕೆ ತಿರುಪ್ಪೂರು ಬನಿಯನ್ನಿನ ಊರಾಗಿ ಬೆಳೆದು ದೇಶದ ಹೆಣಿಗೆ ಉಡುಪಿನ ರಾಜಧಾನಿಯಾಯಿತು. ನೂಲು ತುಂಡಾಗದಿರಲು ಗಿರಣಿಯೊಳಗಿನ ಗಾಳಿಯ ತೇವ ಒಂದೇ ಹದದಲ್ಲಿರಬೇಕು; ಆದ್ದರಿಂದ ಅಲ್ಲಿ ಕಿಟಕಿ ತೆರೆಯುವಂತಿಲ್ಲ. ಹಗಲಿನ ಪಾಳಿಯವರು ನೆರಳು ಉದ್ದವಾಗಿರುವಾಗ ಒಳಹೊಕ್ಕು ಮತ್ತೆ ನೆರಳು ಉದ್ದವಾದ ಮೇಲೆ ಹೊರಬರುತ್ತಾರೆ. ರಾತ್ರಿಪಾಳಿಯವರು ನಡುಹಗಲನ್ನು ನಿದ್ರೆಯಲ್ಲಿ ಕಳೆಯುತ್ತಾರೆ. ವರ್ಷಕ್ಕೆ ಮುನ್ನೂರು ದಿನ ಸೂರ್ಯನ ಕೆಳಗೇ ಬಾಳಿಯೂ ಉಪಯುಕ್ತವಾದ ಒಂದು ಕಿರಣವೂ ಮೈಗೆ ತಾಕದಿರುವುದು ಹೀಗೆ ಸಾಧ್ಯವಾಗುತ್ತದೆ.

ಇದರಲ್ಲಿ ಅತ್ಯಂತ ಕಳವಳ ಹುಟ್ಟಿಸುವುದು ಹುಡುಗಿಯರ ಸ್ಥಿತಿ. ಪಶ್ಚಿಮ ತಮಿಳುನಾಡಿನ ನೂಲಿನ ಗಿರಣಿಗಳಲ್ಲಿ ‘ಸುಮಂಗಲಿ ಯೋಜನೆ’ ಎಂಬ ಹೆಸರಿನಲ್ಲಿ ಹದಿಹರೆಯದ ಬಡ ಹುಡುಗಿಯರನ್ನು ಸುಮಾರು ಮೂರು ವರ್ಷದ ಕರಾರಿಗೆ ಸೇರಿಸಿಕೊಂಡು, ಕೊನೆಗೆ ಮದುವೆಯ ಖರ್ಚಿಗೆಂದು ಒಂದಿಡಿ ಮೊತ್ತ ಕೊಡುವ ಪದ್ಧತಿ ಬೆಳೆದುದು, ಅದಕ್ಕೆ ವಿರೋಧ ಬಂದುದು ಬಲ್ಲವರಿಗೆ ಗೊತ್ತಿದೆ. ಆವರಣದೊಳಗೇ ಕೆಲಸ, ಆವರಣದೊಳಗೇ ವಸತಿ. ಕೂಲಿ, ಸ್ವಾತಂತ್ರ್ಯ, ಗೌರವ ಇವುಗಳ ದೃಷ್ಟಿಯಿಂದ ಈ ಪದ್ಧತಿಯನ್ನು ಸಾಕಷ್ಟು ಖಂಡಿಸಲಾಗಿದೆ. ಮೂಳೆಯ ದೃಷ್ಟಿಯಿಂದಲೂ ಒಂದು ಮಾತು ಸೇರಬೇಕು. ಮನುಷ್ಯನ ಮೂಳೆಯ ದ್ರವ್ಯದ ಬಹುಭಾಗ ಸಂಚಯವಾಗುವುದು ಇಪ್ಪತ್ತು ವರ್ಷದೊಳಗೆ. ಆ ಮೇಲೆ ಬಾಳಿನುದ್ದಕ್ಕೂ, ಬಸಿರು ಬಾಣಂತನಗಳಲ್ಲೂ ಮುಪ್ಪಿನಲ್ಲೂ, ನಾವು ಖರ್ಚು ಮಾಡುವುದು ಆ ಠೇವಣಿಯಿಂದಲೇ. ಗೋಡೆಯೊಳಗೆ ಕಳೆದ ಆ ಮೂರು ವರ್ಷಗಳು ಠೇವಣಿಯಿಡುವ ವರ್ಷಗಳು. ಕೊನೆಗೆ ಕೈಗೆ ಬರುವ ಮೊತ್ತದಲ್ಲಿ ಈ ನಷ್ಟವನ್ನು ಯಾರೂ ಲೆಕ್ಕ ಹಾಕಿರುವುದಿಲ್ಲ.

ಇದು ಗಿರಣಿಯವರ ಕಥೆ ಮಾತ್ರವೆಂದು ಭಾವಿಸಬೇಕಾಗಿಲ್ಲ. 2000ರಲ್ಲಿ ಪ್ರಕಟವಾದ ಒಂದು ಅಧ್ಯಯನ ದೆಹಲಿಯ ಆರೋಗ್ಯವಂತರ ರಕ್ತವನ್ನು ಪರೀಕ್ಷಿಸಿತು. ಬಯಲಲ್ಲಿ ಕವಾಯತು ಮಾಡುವ ಸೈನಿಕರಲ್ಲಿ ಜೀವಸತ್ವದ ಮಟ್ಟ ಹೆಚ್ಚಾಗಿಯೂ ಒಳಾಂಗಣದ ವೃತ್ತಿಯವರಲ್ಲಿ, ವೈದ್ಯರು ದಾದಿಯರಲ್ಲೂ ಸಹ, ಬಹಳ ಕಡಿಮೆಯಾಗಿಯೂ ಇತ್ತು. 2007ರಲ್ಲಿ ತಿರುಪತಿಯ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ ಹೊಲದಲ್ಲಿ ದುಡಿಯುವ ಹಳ್ಳಿಗರ ಮಟ್ಟ ಪಟ್ಟಣದವರಿಗಿಂತ ಮೇಲಾಗಿತ್ತು. ಆದರೆ ಹಳ್ಳಿಗರಲ್ಲೂ ಎಲ್ಲರ ಮಟ್ಟ ಸಮರ್ಪಕವಾಗಿರಲಿಲ್ಲ. ಅವರ ಊಟದಲ್ಲಿ ಕ್ಯಾಲ್ಸಿಯಂ ತೀರ ಕಡಿಮೆಯಾಗಿತ್ತು. ಹೊರಗಿನ ಸೂರ್ಯನೂ ತಟ್ಟೆಯ ಅನ್ನವೂ ಕೂಡಿಯೇ ಕೆಲಸ ಮಾಡಬೇಕೆಂಬುದಕ್ಕೆ ಇದು ನಿದರ್ಶನ.

ತಟ್ಟೆಯ ವಿಚಾರಕ್ಕೆ ಬಂದರೆ ನಮ್ಮ ಆಹಾರದಲ್ಲಿ ಡಿ ಜೀವಸತ್ವ ಬಹಳ ಕಡಿಮೆ. ಬೂತಾಯಿ, ಬಂಗುಡೆಯಂತಹ ಎಣ್ಣೆಯಂಶದ ಸಮುದ್ರದ ಮೀನುಗಳಲ್ಲಿ ಅದಿದೆ. ಮೊಟ್ಟೆಯ ಹಳದಿಯಲ್ಲಿ ಸ್ವಲ್ಪ ಇದೆ. ಬಿಸಿಲು ಸಾಲದವರಿಗೆ ದಿನಕ್ಕೆ 600 ಘಟಕ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. ಒಂದು ಮೊಟ್ಟೆಯಲ್ಲಿ ಸುಮಾರು 40 ಘಟಕ. ಬರಿಯ ಮೊಟ್ಟೆಯಿಂದಲೇ ಪೂರೈಸಬೇಕಾದರೆ ದಿನಕ್ಕೆ ಹದಿನೈದು ತಿನ್ನಬೇಕು. ಸಹಜವಾದ ಹಾಲಿನಲ್ಲಿ ಅದು ಗಣನೆಗೆ ಬಾರದಷ್ಟು. ಪೊಟ್ಟಣದ ಮೇಲೆ ‘ಪ್ಲಸ್ ಎಫ್’ ಗುರುತಿರುವ ಸಾರವರ್ಧಿತ ಹಾಲಿನಲ್ಲಿ ಲೀಟರಿಗೆ 200ರಿಂದ 300 ಘಟಕ ಸೇರಿಸುತ್ತಾರೆ. ದಿನಕ್ಕೊಂದು ಲೋಟ ಕುಡಿಯುವವರಿಗೆ ದಕ್ಕುವುದು ಅದರ ಐದನೆಯ ಒಂದು ಪಾಲು. ಬಾಯಿಯ ದಾರಿ ಇದೆ, ಆದರೆ ಅದು ಕಿರಿದಾದ ದಾರಿ; ಸಸ್ಯಾಹಾರಿಗಳಿಗಂತೂ ಕಾಲುದಾರಿ.

ಆದರೆ ಬಾಗಿಲು ತೆರೆದಾಗ ಒಳಬರಲು ಕ್ಯಾಲ್ಸಿಯಂ ಇರಬೇಕಷ್ಟೆ? ಇಲ್ಲಿ ಕನ್ನಡದ ವಿದ್ಯಾರ್ಥಿಗಳಿಗೆ ಪರಿಚಿತವಾದ ಒಂದು ವ್ಯಾಜ್ಯ ನೆನಪಾಗುತ್ತದೆ. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ರಾಗಿಗೂ ಅಕ್ಕಿಗೂ ಹಿರಿಮೆಯ ಜಗಳ ಹುಟ್ಟಿ, ಎರಡೂ ಧಾನ್ಯಗಳನ್ನು ಆರು ತಿಂಗಳು ಸೆರೆಯಲ್ಲಿಡಲಾಗುತ್ತದೆ, ಕೆಡದೆ ಉಳಿದ ರಾಗಿ ಗೆಲ್ಲುತ್ತದೆ. ಇಂದಿನ ಪ್ರಯೋಗಾಲಯ ಅದೇ ತೀರ್ಪನ್ನು ಬೇರೆ ಆಧಾರದ ಮೇಲೆ ಎತ್ತಿಹಿಡಿಯುತ್ತದೆ: ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಪಾಲಿಷ್ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಮಿನ ಆಸುಪಾಸು. ಆದರೆ ರಾಗಿಯಲ್ಲಿ ಫೈಟೇಟ್ ಎಂಬ, ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುವ ದ್ರವ್ಯವೂ ಇದೆ. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿದಾಗ, ಅಂಬಲಿಯನ್ನು ಹುಳಿಬರಿಸಿದಾಗ ಆ ಹಿಡಿತ ಸಡಿಲಗೊಳ್ಳುತ್ತದೆ. ಕೂಸಿಗೆ ಮೊಳಕೆ ರಾಗಿಯ ಸರಿ ತಿನ್ನಿಸಿದ ತಾಯಂದಿರ ಅಡುಗೆಯಲ್ಲಿ ಈ ರಸಾಯನವಿತ್ತು. ಗಣಪತಿಯಿಂದ ದೂರವಲ್ಲದ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಈ ದೇಶದ ಪೌಷ್ಟಿಕಾಂಶ ಸಂಶೋಧನೆಗೆ ಅಡಿಪಾಯ ಹಾಕಿದುದು ಬಡವರ ತಟ್ಟೆಯನ್ನು ಹೀಗೆ ವಿಜ್ಞಾನದ ಕಣ್ಣಿನಿಂದ ನೋಡುವುದಕ್ಕಾಗಿಯೇ. ಆ ಸಂಸ್ಥೆ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು.

‘ಇಷ್ಟೆಲ್ಲ ಏಕೆ, ಮಾತ್ರೆ ನುಂಗಿದರಾಯಿತಲ್ಲ’ ಎನ್ನುವವರಿದ್ದಾರೆ. ಕೊರತೆ ಖಚಿತವಾದವರಿಗೆ, ಕೂಸುಗಳಿಗೆ, ಹಾಸಿಗೆ ಹಿಡಿದ ವೃದ್ಧರಿಗೆ ವೈದ್ಯರು ಕೊಡುವ ಔಷಧ ಬೇಕೇ ಬೇಕು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲರಿಗೂ ಎಲ್ಲಕ್ಕೂ ಮಾತ್ರೆ ಎಂಬ ಉತ್ಸಾಹ ಈಚೆಗೆ ತಗ್ಗಿದೆ. ಅಮೆರಿಕದಲ್ಲಿ ಸುಮಾರು 26 ಸಾವಿರ ಜನರ ಮೇಲೆ ವರ್ಷಗಟ್ಟಲೆ ನಡೆದ ‘ವೈಟಲ್’ ಪ್ರಯೋಗದಲ್ಲಿ, ಆರೋಗ್ಯವಂತರು ದಿನವೂ ಈ ಜೀವಸತ್ವವನ್ನು ನುಂಗಿದ್ದರಿಂದ ಕ್ಯಾನ್ಸರಾಗಲಿ ಹೃದ್ರೋಗವಾಗಲಿ ಮೂಳೆ ಮುರಿತವಾಗಲಿ ಕಡಿಮೆಯಾಗಲಿಲ್ಲ. ಆರೋಗ್ಯವಂತ ವಯಸ್ಕರೆಲ್ಲರ ರಕ್ತ ಪರೀಕ್ಷೆ ಮಾಡಿಸಬೇಕಿಲ್ಲವೆಂದು ಅಲ್ಲಿನ ಎಂಡೋಕ್ರೈನ್ ಸೊಸೈಟಿಯೇ 2024ರಲ್ಲಿ ಹೇಳಿದೆ. ಇನ್ನೊಂದು ಅಪಾಯವೂ ಇದೆ. ಚರ್ಮದಲ್ಲಿ ಈ ಜೀವಸತ್ವ ಅತಿಯಾಗಿ ತಯಾರಾಗುವುದಿಲ್ಲ. ಮಿಕ್ಕುದನ್ನು ಬಿಸಿಲೇ ನಿರುಪದ್ರವಿ ದ್ರವ್ಯಗಳಾಗಿ ಮಾರ್ಪಡಿಸುತ್ತದೆ. ಬಾಯಿಗೆ ಅಂಥ ಕಾವಲಿಲ್ಲ. ವಾರಕ್ಕೊಮ್ಮೆ ತೆಗೆದುಕೊಳ್ಳಬೇಕಾದ 60,000 ಘಟಕದ ಪುಡಿಯನ್ನು ದಿನಕ್ಕೊಮ್ಮೆ ತೆಗೆದುಕೊಳ್ಳುತ್ತಾ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ.

‘ಬಿಸಿಲಿಗೆ ಹೋದರೆ ಕಪ್ಪಾಗುತ್ತೀಯೆ’ ಎಂಬುದು ಎರಡನೆಯ ಆಕ್ಷೇಪ; ಹೆಣ್ಣುಮಕ್ಕಳು ಇದನ್ನು ಹುಟ್ಟಿದಂದಿನಿಂದ ಕೇಳುತ್ತ ಬಂದಿದ್ದಾರೆ. ಚರ್ಮದ ಕಪ್ಪು ವರ್ಣದ್ರವ್ಯವು ದೇಹವೇ ಹಿಡಿದ ಕೊಡೆ. ಅದಿರುವುದರಿಂದ ನಮಗೆ ಬಿಳಿಯರಿಗಿಂತ ಹೆಚ್ಚು ಹೊತ್ತು ಬಿಸಿಲು ಬೇಕು. ಹೆಚ್ಚು ಬಿಸಿಲು ಬೇಕಾದವರೇ ಬಣ್ಣದ ಭಯದಿಂದ ಹೆಚ್ಚು ಅಡಗುತ್ತಿರುವುದು ನಮ್ಮ ಸಮಾಜದ ಸೃಷ್ಟಿ. ಏಪ್ರಿಲ್ ಮೇ ತಿಂಗಳ ಉರಿಯಲ್ಲಿ ಬಯಲಲ್ಲಿ ನಿಲ್ಲಿರೆಂದು ಯಾರೂ ಹೇಳಲಾರರು. ಮುಖ, ತೋಳುಗಳಿಗೆ ಬಿಸಿಲು ತಾಕುವಂತೆ ಇಪ್ಪತ್ತು ಮೂವತ್ತು ನಿಮಿಷ, ಮೈ ಉರಿಯುವ ಮುನ್ನ ನೆರಳಿಗೆ ಸರಿಯುವ ಎಚ್ಚರದೊಂದಿಗೆ, ವಾರದಲ್ಲಿ ಕೆಲವು ದಿನ: ಕೇಳುತ್ತಿರುವುದು ಇಷ್ಟನ್ನೇ.

ಇಷ್ಟನ್ನು ಕೊಡುವುದು ಯಾರ ಕೈಯಲ್ಲಿದೆ? 1948ರ ಕಾರ್ಖಾನೆಗಳ ಕಾಯಿದೆ ಐದು ಗಂಟೆಗಿಂತ ಹೆಚ್ಚು ಬಿಡುವಿಲ್ಲದೆ ದುಡಿಸಕೂಡದು, ಕನಿಷ್ಠ ಅರ್ಧ ಗಂಟೆಯ ವಿರಾಮ ಕೊಡಬೇಕು ಎಂದು ವಿಧಿಸಿತು. ಅರ್ಧ ಗಂಟೆ ಎಂದರೆ ಮೂಳೆಗೆ ಬೇಕಾದ ಹೊತ್ತೇ. ಆ ವಿರಾಮ ಗಿಡ್ಡ ನೆರಳಿನ ಹೊತ್ತಿಗೆ ಬರುವಂತೆ, ಗೋಡೆಯ ಆಚೆ ಒಂದು ಬಯಲು ಇರುವಂತೆ, ವಸತಿಯ ಹುಡುಗಿಯರಿಗೆ ಆ ಬಯಲಿಗೆ ಹೋಗುವ ಹಕ್ಕಿರುವಂತೆ ಮಾಡುವುದಕ್ಕೆ ಬಂಡವಾಳ ಬೇಕಿಲ್ಲ, ಮನಸ್ಸು ಬೇಕು. ಕಾಲೇಜುಗಳೂ ಈ ಲೆಕ್ಕದಿಂದ ಹೊರತಲ್ಲ. ನಮ್ಮ ವೇಳಾಪಟ್ಟಿ ಹತ್ತರಿಂದ ನಾಲ್ಕರವರೆಗೆ ಗಿಡ್ಡ ನೆರಳನ್ನು ಪೂರ್ತಿ ನುಂಗಿ, ಆಟದ ಅವಧಿಯನ್ನು ಸಂಜೆಗೆ ತಳ್ಳುತ್ತದೆ. ಚಳಿಗಾಲದ ತಿಂಗಳುಗಳಲ್ಲಾದರೂ ದೈಹಿಕ ಶಿಕ್ಷಣವನ್ನು ಹನ್ನೊಂದು ಗಂಟೆಗೆ ತಂದರೆ ಏನು ನಷ್ಟ?

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಇಲ್ಲಿ ವಿಶೇಷವಾದ ಕೆಲಸವೊಂದಿದೆ. ಕೊಯಮತ್ತೂರು ಸೀಮೆಯ ಕನ್ನಡಿಗರ ಬದುಕಿನಲ್ಲಿ ಮನೆಯ ಮಾತು ಕನ್ನಡ, ಶಾಲೆಯ ಬರಹ ತಮಿಳು, ಔಷಧದ ಪೊಟ್ಟಣದ ಅಕ್ಷರ ಇಂಗ್ಲಿಷು. ವಾರಕ್ಕೊಮ್ಮೆ ಎಂಬ ಸೂಚನೆ ಈ ಮೂರು ಭಾಷೆಗಳ ನಡುವೆ ಜಾರಿ ದಿನಕ್ಕೊಮ್ಮೆ ಆಗುವುದು ಕಷ್ಟವಲ್ಲ. ಹಳಗನ್ನಡ ಕಾವ್ಯದ ಅರ್ಥ ಬಿಡಿಸಲು ನಾವು ಪಡೆಯುವ ತರಬೇತಿಯ ಒಂದು ಪಾಲು ಇಂತಹ ಸೂಚನೆಗಳನ್ನು ಮನೆಮಾತಿಗೆ ತರಲು ಸಲ್ಲಬೇಕು. ‘ನಿನ್ನ ನೆರಳು ನಿನಗಿಂತ ಗಿಡ್ಡವಾಗಿರುವಾಗ ಅರ್ಧ ಗಂಟೆ ಹೊರಗಿರು’ ಎಂಬ ವಾಕ್ಯಕ್ಕೆ ಪಾರಿಭಾಷಿಕ ಪದಕೋಶ ಬೇಕಿಲ್ಲ; ಮಗ್ಗದ ಮನೆಯ ಅಜ್ಜಿಗೂ ಗಿರಣಿಯ ಹುಡುಗಿಗೂ ಅದು ಒಮ್ಮೆಗೇ ತಿಳಿಯುತ್ತದೆ. ಆದರೆ ತಿಳಿದ ಮೇಲೆ ಆ ಹುಡುಗಿ ಬಾಗಿಲು ತೆರೆಯಿರೆಂದು ಕೇಳಬೇಕಾಗುತ್ತದೆ. ಆಗ ಅವಳ ಬೇಡಿಕೆ ನ್ಯಾಯವಾದುದೆಂದು ಹೇಳಲು ಓದಿದವರು ಅವಳ ಪಕ್ಕದಲ್ಲಿ ನಿಂತಿರಬೇಕು.